ಕರುಣೆಯ ಬಸವಳಿಕೆಯೂ ಧ್ಯಾನದ ನೆರವೂ

ಊರಿನ ವೈದ್ಯರು ಕೈಚೆಲ್ಲಿದ ರೋಗಿಯನ್ನು ಕರೆದುಕೊಂಡು ಮದರಾಸಿನ ರೈಲು ಹತ್ತುವುದು ಕೋಲಾರ, ಬಳ್ಳಾರಿ, ಚಿತ್ತೂರುಗಳ ಕಡೆಯ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ಆರಂಭವಾದ ಜನರಲ್ ಆಸ್ಪತ್ರೆ, 1794ರಷ್ಟು ಹಿಂದೆಯೇ ಮೊದಲಾಗಿ ಮುಂದೆ ಕಿಲ್ಪಾಕಿನಲ್ಲಿ ನೆಲೆಗೊಂಡ ಮಾನಸಿಕ ಚಿಕಿತ್ಸಾಲಯ, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಸಂಕಲ್ಪಬಲದಿಂದ 1954ರಲ್ಲಿ ಅಡ್ಯಾರಿನಲ್ಲಿ ತೆರೆದ ಕ್ಯಾನ್ಸರ್ ಸಂಸ್ಥೆ, ಇವೆಲ್ಲವೂ ಸೇರಿ ಈ ನಗರವನ್ನು ದಕ್ಷಿಣ ಭಾರತದ ಆರ್ತರ ಆಶ್ರಯಸ್ಥಾನವನ್ನಾಗಿ ಮಾಡಿವೆ. ಅಲ್ಲಿಗೆ ಬರುವ ರೋಗಿಗಳ ದುಃಖವನ್ನು ಕುರಿತು ಬರೆದವರು ಬಹುಮಂದಿ. ಆ ದುಃಖವನ್ನು ಹಗಲಿರುಳೂ ಕಣ್ಣೆದುರಿಗಿಟ್ಟುಕೊಂಡು ದುಡಿಯುವ ವೈದ್ಯರು, ದಾದಿಯರು, ಆಪ್ತಸಲಹೆಗಾರರು, ಸಮಾಜಕಾರ್ಯಕರ್ತರು ಇವರ ಅಂತಃಕರಣಕ್ಕೆ ಏನಾಗುತ್ತದೆಂದು ವಿಚಾರಮಾಡಿದವರು ವಿರಳ. ಕಳೆದ ಅರ್ಧ ಶತಮಾನದಲ್ಲಿ ಈ ವಿಚಾರವೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಹೀಗೆ ದುಡಿಯುವವರ ಬಸವಳಿಕೆಗೆ ಪರಿಹಾರವೆಂದು ಧ್ಯಾನವನ್ನು ಸೂಚಿಸುವ ಪದ್ಧತಿಯೂ ಅದರೊಡನೆಯೇ ಬೆಳೆದಿದೆ. ಈ ಬೆಳವಣಿಗೆಯ ಹಾದಿಯನ್ನೂ, ಅದರಲ್ಲಿ ಮದರಾಸಿಗಿರುವ ಪಾಲನ್ನೂ, ಅದು ಇಂದು ಬಂದು ನಿಂತಿರುವ ನೆಲೆಯನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಬಸವಳಿಕೆಯನ್ನು ವೈದ್ಯಸಾಹಿತ್ಯದಲ್ಲಿ ಮೊದಲು ವಿವರವಾಗಿ ವರ್ಣಿಸಿದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಅವರು, ಅತ್ಯುತ್ಸಾಹದಿಂದ ಸೇವೆಗೆ ಬಂದ ತರುಣರು ಕ್ರಮೇಣ ನಿಶ್ಶಕ್ತರಾಗಿ, ಸಿಡುಕರಾಗಿ, ಕೊನೆಗೆ ತಾವು ಉಪಚರಿಸಬೇಕಾದವರಿಂದಲೇ ವಿಮುಖರಾಗುವುದನ್ನು ಕಂಡು, ತಮ್ಮಲ್ಲಿಯೂ ಅದೇ ಲಕ್ಷಣಗಳನ್ನು ಗುರುತಿಸಿ, 1974ರಲ್ಲಿ ಆ ವಿಷಯವಾಗಿ ಲೇಖನ ಬರೆದರು. ಆ ಬಳಿಕ ಕ್ಯಾಲಿಫೋರ್ನಿಯದ ಕ್ರಿಸ್ಟಿನಾ ಮಾಸ್ಲಾಕ್ ಅವರು ಸೂಸನ್ ಜ್ಯಾಕ್ಸನ್ ಅವರೊಡನೆ 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಿಂದ ಈ ಸ್ಥಿತಿಯನ್ನು ಅಳೆಯುವುದು ಸಾಧ್ಯವಾಯಿತು. ಅವರ ಪ್ರಕಾರ ಬಸವಳಿಕೆಗೆ ಮೂರು ಮುಖಗಳು: ಭಾವಶಕ್ತಿಯೆಲ್ಲ ಬತ್ತಿಹೋಗುವುದು ಮೊದಲನೆಯದು, ಎದುರಿಗಿರುವ ರೋಗಿಯನ್ನು ಮನುಷ್ಯನೆಂದು ಕಾಣದೆ ಹಾಸಿಗೆಯ ನಂಬರೆಂದೋ ಕೇಸೆಂದೋ ಕಾಣತೊಡಗುವುದು ಎರಡನೆಯದು, ತನ್ನ ದುಡಿಮೆಯಿಂದ ಯಾರಿಗೂ ಏನೂ ಆಗುತ್ತಿಲ್ಲವೆಂಬ ನಿರರ್ಥಕತೆಯ ಭಾವ ಮೂರನೆಯದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣದಲ್ಲಿ ಈ ಸ್ಥಿತಿಯನ್ನು ಸೇರಿಸಿಕೊಂಡಿತಾದರೂ ಅದನ್ನು ರೋಗವೆಂದು ಕರೆಯಲಿಲ್ಲ. ಸರಿಯಾಗಿ ನಿರ್ವಹಿಸಲ್ಪಡದ ಉದ್ಯೋಗದ ಒತ್ತಡದಿಂದ ಹುಟ್ಟುವ ವಿದ್ಯಮಾನವೆಂದಷ್ಟೆ ಕರೆಯಿತು. ದೋಷದ ಮೂಲವು ವ್ಯಕ್ತಿಯಲ್ಲಿ ಮಾತ್ರವಲ್ಲದೆ ಅವನು ದುಡಿಯುವ ವ್ಯವಸ್ಥೆಯಲ್ಲಿಯೂ ಇದೆಯೆಂಬ ಈ ನಿರ್ಣಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ವ್ಯಾಧಿಯ ವರ್ಣನೆ ಹೀಗೆ ಅರ್ವಾಚೀನವಾದರೂ ಅದರ ಬೀಜವನ್ನು ಕಂಡವರು ಪ್ರಾಚೀನರಲ್ಲಿಯೂ ಇದ್ದರು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಭಾವನೆಗಳನ್ನು ಪತಂಜಲಿಯ ಯೋಗಸೂತ್ರಗಳೂ ಬೌದ್ಧರೂ ಸಮಾನವಾಗಿ ಉಪದೇಶಿಸುತ್ತಾರೆ. ಕ್ರಿಸ್ತಶಕ ಐದನೆಯ ಶತಮಾನದ ಆಚಾರ್ಯ ಬುದ್ಧಘೋಷನು, ಇಂದಿನ ಚೆನ್ನೈಗೆ ಅನತಿದೂರದ ಕಾಂಚೀಪುರದಲ್ಲಿಯೂ ವಾಸವಾಗಿದ್ದವನು, ಸಿಂಹಳದಲ್ಲಿ ರಚಿಸಿದ ವಿಶುದ್ಧಿಮಾರ್ಗದಲ್ಲಿ ಈ ಪ್ರತಿಯೊಂದು ಭಾವನೆಗೂ ಒಬ್ಬ ದೂರದ ಶತ್ರುವನ್ನೂ ಒಬ್ಬ ಸಮೀಪದ ಶತ್ರುವನ್ನೂ ಹೇಳುತ್ತಾನೆ. ಕರುಣೆಯ ದೂರದ ಶತ್ರು ಕ್ರೌರ್ಯ. ಅದನ್ನು ಯಾರಾದರೂ ಗುರುತಿಸಬಲ್ಲರು. ಅದರ ಸಮೀಪದ ಶತ್ರು ಶೋಕ; ಕರುಣೆಯ ವೇಷದಲ್ಲಿಯೇ ಬರುವುದರಿಂದ ಅದನ್ನು ಗುರುತಿಸುವುದು ಕಠಿನ. ಹಾಗೆಯೇ ಉಪೇಕ್ಷೆಯ, ಎಂದರೆ ಸಮಚಿತ್ತದ, ಸಮೀಪದ ಶತ್ರು ತಿಳಿವಳಿಕೆಯಿಲ್ಲದ ಔದಾಸೀನ್ಯ. ಮಾಸ್ಲಾಕ್ ಅವರ ಮೂರು ಮುಖಗಳ ಪಕ್ಕದಲ್ಲಿ ಈ ವಿವೇಚನೆಯನ್ನಿರಿಸಿ ನೋಡಿದರೆ, ಬತ್ತಿದ ಭಾವಶಕ್ತಿಯಲ್ಲಿ ಶೋಕದ ಫಲವನ್ನೂ, ರೋಗಿಯನ್ನು ನಂಬರಾಗಿ ಕಾಣುವುದರಲ್ಲಿ ಔದಾಸೀನ್ಯದ ಫಲವನ್ನೂ ಗುರುತಿಸಬಹುದು. ಆರೈಕೆಮಾಡುವವರು ದಣಿಯುವುದು ಕರುಣೆ ಹೆಚ್ಚಾದುದರಿಂದಲ್ಲ, ಕರುಣೆಯು ಶೋಕಕ್ಕೆ ಜಾರಿ, ಶೋಕವು ಸಹಿಸಲಾರದಾದಾಗ ಔದಾಸೀನ್ಯಕ್ಕೆ ಜಾರುವುದರಿಂದ, ಎಂಬುದೇ ನಾನು ಈ ಸಮೀಕ್ಷೆಯಿಂದ ಕಂಡುಕೊಂಡ ಮುಖ್ಯ ಅಭಿಪ್ರಾಯ.

ಧ್ಯಾನವು ಮಠಗಳಿಂದ ಹೊರಟು ಗೃಹಸ್ಥರನ್ನೂ ಪ್ರಯೋಗಶಾಲೆಯನ್ನೂ ತಲಪಿದ ಕಥೆಯಲ್ಲಿ ಮದರಾಸಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಚಿತ್ರದುರ್ಗದ ಸೀಮೆಯಲ್ಲಿ 1888ರಲ್ಲಿ ಜನಿಸಿ, ಮೈಸೂರಿನ ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿ, 1934ರಲ್ಲಿ ಕನ್ನಡದಲ್ಲಿಯೇ ‘ಯೋಗಮಕರಂದ’ವನ್ನು ಬರೆದ ತಿರುಮಲೈ ಕೃಷ್ಣಮಾಚಾರ್ಯರು 1952ರಲ್ಲಿ ಮದರಾಸಿಗೆ ಬಂದು ಬಾಳಿನ ಉಳಿದ ಭಾಗವನ್ನು ಅಲ್ಲಿಯೇ ಕಳೆದರು. ಅವರ ಪುತ್ರ, ಮೈಸೂರಿನಲ್ಲಿ ಜನಿಸಿದ ದೇಶಿಕಾಚಾರ್ಯರು 1976ರಲ್ಲಿ ಸ್ಥಾಪಿಸಿದ ಕೃಷ್ಣಮಾಚಾರ್ಯ ಯೋಗಮಂದಿರವು, ಆಸನ, ಪ್ರಾಣಾಯಾಮ, ಧ್ಯಾನಗಳನ್ನು ವ್ಯಕ್ತಿಯ ದೇಹ, ವಯಸ್ಸು, ಕಸುಬುಗಳಿಗೆ ಹೊಂದಿಸಿ ಕಲಿಸಬೇಕೆಂಬ ತತ್ತ್ವವನ್ನು ಚಿಕಿತ್ಸೆಯ ಕ್ಷೇತ್ರಕ್ಕೆ ತಂದಿತು. ಮಹರ್ಷಿ ಮಹೇಶ ಯೋಗಿಗಳು ತಮ್ಮ ಆಂದೋಲನವನ್ನು ಘೋಷಿಸಿದುದು 1957-58ರ ಸಂಧಿಯಲ್ಲಿ ಇದೇ ಮದರಾಸಿನಲ್ಲಿ. ಆ ಧ್ಯಾನವನ್ನು ಅಭ್ಯಾಸ ಮಾಡಿದವರ ಉಸಿರು, ನಾಡಿಗಳನ್ನು ಮುಂದೆ ಅಮೆರಿಕದ ಹರ್ಬರ್ಟ್ ಬೆನ್ಸನ್ ಮೊದಲಾದವರು ಪರೀಕ್ಷಿಸಿದರು. ಬರ್ಮಾದ ಊ ಬಾ ಖಿನ್ ಅವರ ಶಿಷ್ಯರಾದ ಸತ್ಯನಾರಾಯಣ ಗೋಯೆಂಕಾ 1969ರಲ್ಲಿ ಭಾರತಕ್ಕೆ ತಂದ ವಿಪಶ್ಯನೆಗೆ ಚೆನ್ನೈನ ಹೊರವಲಯದ ತಿರುಮುಡಿವಾಕ್ಕಂನಲ್ಲಿ ಇಂದು ಒಂದು ಕೇಂದ್ರವಿದೆ. ಯಾವ ವಿಧಾನವನ್ನೂ ಒಪ್ಪದೆ, ಆಯ್ಕೆಯಿಲ್ಲದ ಎಚ್ಚರವನ್ನೇ ಒತ್ತಿಹೇಳಿದ ಜಿಡ್ಡು ಕೃಷ್ಣಮೂರ್ತಿಯವರು ತಮ್ಮ ಕಡೆಯ ಉಪನ್ಯಾಸವನ್ನು 1986ರ ಜನವರಿಯಲ್ಲಿ ಅಡ್ಯಾರಿನ ಸಮೀಪದ ವಸಂತವಿಹಾರದಲ್ಲಿ ಕೊಟ್ಟರು.

ಇಷ್ಟೂ ಪ್ರವಾಹಗಳಲ್ಲಿ ಕೆಲವು ಒಂದೆಡೆ ಕೂಡಿದುದು ಬಹುದೂರದ ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿನ ವೈದ್ಯಕೀಯ ವಿದ್ಯಾಲಯದಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ, ಔಷಧಗಳಿಂದ ಶಮನವಾಗದ ನೋವಿನ ರೋಗಿಗಳಿಗಾಗಿ ಶಿಕ್ಷಣಕ್ರಮವೊಂದನ್ನು ತೆರೆದರು. ಬೌದ್ಧರ ಸ್ಮೃತಿಸಾಧನೆ, ಜಪಾನಿನ ಝೆನ್, ಹಠಯೋಗ ಇವುಗಳಿಗೆ ತಾವು ಋಣಿಯೆಂದ ಅವರು ತಮ್ಮ ಆದಿಯ ಪ್ರಬಂಧದಲ್ಲಿ ಕೃಷ್ಣಮೂರ್ತಿಯವರ ಹೆಸರನ್ನೂ ಸ್ಮರಿಸಿದ್ದಾರೆ. ಕ್ರಮವು ಸರಳವೇ: ವಾರಕ್ಕೊಮ್ಮೆ ಗುಂಪಿನ ಅಭ್ಯಾಸ, ದಿನವೂ ಮನೆಯ ಅಭ್ಯಾಸ, ಉಸಿರನ್ನು ಗಮನಿಸುವುದು, ದೇಹದ ಅಂಗಾಂಗಗಳ ಮೇಲೆ ಅನುಕ್ರಮವಾಗಿ ಗಮನವಿಡುವುದು, ಮೆಲ್ಲನೆಯ ಆಸನಗಳು, ನಡೆಯುವಾಗ ನಡಿಗೆಯಲ್ಲಿಯೇ ಮನಸ್ಸಿಡುವುದು, ಏಳುವ ಆಲೋಚನೆಯನ್ನು ಅಟ್ಟದೆ, ಅದರ ಬೆನ್ನು ಹತ್ತದೆ, ಬಂದಿತೆಂದು ತಿಳಿದು ಬಿಡುವುದು. ಯಾವ ಮತವನ್ನೂ ಅಂಗೀಕರಿಸಬೇಕಾದ ಅಗತ್ಯವಿಲ್ಲದುದರಿಂದ ಈ ಕ್ರಮವು ಆಸ್ಪತ್ರೆಗಳೊಳಗೆ ನಿರಾತಂಕವಾಗಿ ಪ್ರವೇಶಿಸಿತು. ಕರ್ನಾಟಕದಲ್ಲಿ ಡಾ. ಎಚ್. ಆರ್. ನಾಗೇಂದ್ರರ ಸಂಸ್ಥೆಯು ಮಾಂಡೂಕ್ಯಕಾರಿಕೆಯ ಸೂಚನೆಯಿಂದ ಆವರ್ತನ ಧ್ಯಾನವನ್ನು ರೂಪಿಸಿತು. ಬೆಂಗಳೂರಿನ ನಿಮ್ಹಾನ್ಸ್ ಯೋಗವನ್ನೂ ಅವಧಾನವನ್ನೂ ಮನೋಚಿಕಿತ್ಸೆಯ ಅಂಗಗಳಾಗಿ ಪರೀಕ್ಷೆಗೊಳಪಡಿಸಿತು.

ರೋಗಿಗಳಿಗೆ ಹಿತವಾದುದು ಚಿಕಿತ್ಸಕರಿಗೂ ಹಿತವೇ ಎಂಬ ಪ್ರಶ್ನೆ ತರುವಾಯ ಎದ್ದಿತು. 1999ರಲ್ಲಿ ರೋಚೆಸ್ಟರಿನ ರೊನಾಲ್ಡ್ ಎಪ್ಸ್ಟೈನ್, ಒಳ್ಳೆಯ ವೈದ್ಯನಿಗೆ ಶಾಸ್ತ್ರಜ್ಞಾನದಷ್ಟೇ ಆತ್ಮಾವಲೋಕನವೂ ಅವಶ್ಯವೆಂದು ವಾದಿಸಿದರು. ಅವರ ಸಹೋದ್ಯೋಗಿ ಮೈಕೆಲ್ ಕ್ರಾಸ್ನರ್ ಮೊದಲಾದವರು 70 ಮಂದಿ ವೈದ್ಯರಿಗೆ ಎಂಟು ವಾರಗಳ ಅಭ್ಯಾಸವನ್ನೂ ಅದರ ಮೇಲೆ ಹತ್ತು ತಿಂಗಳ ಮಾಸಿಕ ಅಭ್ಯಾಸವನ್ನೂ ಕೊಟ್ಟು, ಬಸವಳಿಕೆ ಇಳಿದುದನ್ನೂ ರೋಗಿಗಳ ಕುರಿತ ಸಹಾನುಭೂತಿ ಏರಿದುದನ್ನೂ 2009ರಲ್ಲಿ ವರದಿಮಾಡಿದರು. ಹೋಲಿಕೆಗೆ ಬೇರೊಂದು ಗುಂಪಿರಲಿಲ್ಲವಾದುದರಿಂದ ಆ ಫಲಿತಾಂಶವನ್ನು ಎಚ್ಚರದಿಂದ ಗ್ರಹಿಸಬೇಕು. ಇದಕ್ಕಿಂತ ಒಳನೋಟವುಳ್ಳದ್ದು ಜರ್ಮನಿಯ ತಾನ್ಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ಕೆಲಸ. ಪರರ ನೋವನ್ನು ತನ್ನದೆಂದೇ ಅನುಭವಿಸುವ ಶಿಕ್ಷಣ ಪಡೆದವರಲ್ಲಿ ಸಂಕಟ ಹೆಚ್ಚಿತು. ಅದೇ ಜನರಿಗೆ ಮೈತ್ರೀಕರುಣೆಗಳ ಭಾವನೆಯನ್ನು ಕಲಿಸಿದಾಗ ಆ ಸಂಕಟ ತಗ್ಗಿ ಪ್ರಸನ್ನತೆ ಮರಳಿತು, ಮೆದುಳಿನ ಚಿತ್ರಗಳಲ್ಲಿಯೂ ಎರಡಕ್ಕೂ ಬೇರೆ ಬೇರೆ ಜಾಡುಗಳು ತೋರಿದವು. ಕರುಣೆಗೂ ಶೋಕಕ್ಕೂ ನಡುವೆ ಬುದ್ಧಘೋಷನು ಎಳೆದ ಗೆರೆಯು ಕಾಲ್ಪನಿಕವಲ್ಲವೆಂಬುದಕ್ಕೆ ಇದೊಂದು ಸಾಕ್ಷ್ಯ.

ಆದರೂ ಧ್ಯಾನದ ಮಹಿಮೆಯನ್ನು ಸತ್ಯಕ್ಕಿಂತ ಮುಂದೆ ಒಯ್ಯಬಾರದು. 2014ರಲ್ಲಿ 47 ಪ್ರಯೋಗಗಳನ್ನೂ 3,515 ಮಂದಿಯನ್ನೂ ಒಳಗೊಂಡ ಸಮಾಲೋಚನೆಯೊಂದು, ಆತಂಕ, ಖಿನ್ನತೆ, ನೋವುಗಳಲ್ಲಿ ಧ್ಯಾನದಿಂದ ಸಾಧಾರಣ ಪ್ರಮಾಣದ ಉಪಶಮನವುಂಟೆಂದು ತೀರ್ಮಾನಿಸಿತು. ವ್ಯಾಯಾಮ, ಔಷಧಾದಿ ಇತರ ಚಿಕಿತ್ಸೆಗಳಿಗಿಂತ ಅದು ಮೇಲೆಂಬುದಕ್ಕೆ ಪ್ರಮಾಣ ದೊರೆಯಲಿಲ್ಲ. ತೀವ್ರ ಆಘಾತವನ್ನು ಅನುಭವಿಸಿದವರಿಗೆ ಕಣ್ಮುಚ್ಚಿ ಮೌನವಾಗಿ ಕೂಡುವುದೇ ಕೆಲವೊಮ್ಮೆ ಯಾತನೆಯಾಗಬಲ್ಲುದು. ಆದ್ದರಿಂದ ಕಲಿಸುವವರು ಅನುಭವಿಗಳಾಗಿರಬೇಕು, ಕಲಿಯುವವರಿಗೆ ಬೇಡವೆನ್ನುವ ಸ್ವಾತಂತ್ರ್ಯವಿರಬೇಕು.

ಇನ್ನೂ ಗುರುತರವಾದ ಆಕ್ಷೇಪವೊಂದಿದೆ. ವೈದ್ಯರ ಬಸವಳಿಕೆಯನ್ನು ಕುರಿತು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸಮಾಲೋಚನೆಯಲ್ಲಿ ಎಲ್ಲ ಬಗೆಯ ಉಪಾಯಗಳೂ ಕೂಡಿ ಅದರ ಪ್ರಮಾಣವನ್ನು ಶೇಕಡಾ 54ರಿಂದ 44ಕ್ಕೆ ಇಳಿಸಿದುದು ಕಂಡುಬಂದಿತು. ಮರುವರ್ಷದ ಮತ್ತೊಂದು ಸಮಾಲೋಚನೆಯು, ವ್ಯಕ್ತಿಯನ್ನು ತಿದ್ದುವ ಉಪಾಯಗಳಿಗಿಂತ ಕೆಲಸದ ವೇಳೆ ಮತ್ತು ಹಂಚಿಕೆಗಳನ್ನು ತಿದ್ದುವ ಉಪಾಯಗಳು ಹೆಚ್ಚು ಫಲಕಾರಿಯೆಂದು ತೋರಿಸಿತು. ನಮ್ಮ ದೇಶದಲ್ಲಿ 1992ರ ನಿಯಮಾವಳಿಯು ನಿವಾಸಿ ವೈದ್ಯರ ದುಡಿಮೆಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಹೇಳಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ಸುಧಾರಣೆಯೆಂದು ಸೂಚಿಸಿದ ಮಿತಿಯೇ 74 ಗಂಟೆ. ಆಚರಣೆಯು ನಿಯಮದಿಂದ ಎಷ್ಟು ದೂರ ಸರಿದಿದೆಯೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಚೆನ್ನೈ ನಗರದಲ್ಲಿಯೇ 2020ರ ಏಪ್ರಿಲಿನಲ್ಲಿ, ಕೋವಿಡ್‌ನಿಂದ ತೀರಿಕೊಂಡ ಶಸ್ತ್ರವೈದ್ಯರೊಬ್ಬರ ಶವಸಂಸ್ಕಾರಕ್ಕೆ ಜನರ ಗುಂಪು ಅಡ್ಡಬಂದಿತು. 2024ರ ನವೆಂಬರಿನಲ್ಲಿ ಗಿಂಡಿಯ ಸರಕಾರಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ತಜ್ಞರೊಬ್ಬರಿಗೆ ರೋಗಿಯೊಬ್ಬರ ಮಗನೇ ಚೂರಿಯಿಂದ ಇರಿದನು. ಇಂತಹ ಗಾಯಗಳಿಗೆ ಉಸಿರನ್ನು ಗಮನಿಸಿರೆಂಬ ಉಪದೇಶವೊಂದೇ ಮದ್ದೆನ್ನುವುದು ಅನ್ಯಾಯ.

ಹಾಗಾದರೆ ಮಾಡತಕ್ಕದ್ದೇನು? ಮಂಗಳೂರಿನಲ್ಲಿ ಜನಿಸಿ, ಭಾರತದ ಪ್ರಥಮ ಮಹಿಳಾ ಮನೋವೈದ್ಯರೆನಿಸಿ, 1961ರಿಂದ 1978ರವರೆಗೆ ಕಿಲ್ಪಾಕಿನ ಆಸ್ಪತ್ರೆಯನ್ನು ನಡೆಸಿದ ಡಾ. ಶಾರದಾ ಮೆನನ್ ಅವರು, ಸ್ಕಿಜೋಫ್ರೀನಿಯದ ಸಂಶೋಧನೆಗಾಗಿ 1984ರಲ್ಲಿ ಸ್ಥಾಪಿಸಿದ ಸ್ಕಾರ್ಫ್ ಸಂಸ್ಥೆಯಲ್ಲಿ ರೋಗಿಗೆ ಕೊಟ್ಟಷ್ಟೇ ಗಮನವು ಅವನನ್ನು ಸಾಕುವ ಮನೆಯವರಿಗೂ ಸಂದಿತು. ಡಾ. ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ಆರಂಭಿಸಿದ ಸ್ನೇಹಾದಲ್ಲಿ, ಬಾಳು ಬೇಡವೆಂದು ಬರುವವರ ಮಾತನ್ನು ತೀರ್ಪುಕೊಡದೆ ಆಲಿಸುವುದೇ ಸ್ವಯಂಸೇವಕರ ಕೆಲಸ. ಕೇಳುವವನ ಚಿತ್ತವು ನೆಲೆನಿಂತಿರದಿದ್ದರೆ ಆ ಕೆಲಸ ನಡೆಯದು. ಆರೈಕೆಮಾಡುವವರಿಗೂ ಆರೈಕೆ ಬೇಕೆಂಬ ತಿಳಿವು ಈ ನಗರಕ್ಕೆ ಹೊಸದಲ್ಲ. ಧ್ಯಾನದ ಗುರುಗಳಿಗೂ ಇಲ್ಲಿ ಕೊರತೆಯಿಲ್ಲ. ಎರಡನ್ನೂ ಆಸ್ಪತ್ರೆಯ ದಿನಚರಿಯಲ್ಲಿ ಕೂಡಿಸುವುದೊಂದೇ ಉಳಿದಿದೆ.

ಧ್ಯಾನದ ತರಗತಿಯನ್ನು ರಾತ್ರಿಪಾಳಿ ಮುಗಿಸಿ ಮನೆಗೆ ಹೊರಟ ದಾದಿಯ ನಿದ್ರೆಯಿಂದ ಕದಿಯದೆ ಸಂಬಳದ ವೇಳೆಯಲ್ಲಿಯೇ ನಡೆಸಬೇಕು. ಹಿರಿಯ ವೈದ್ಯರಿಗೆ ಮೀಸಲಿಡದೆ ದಾದಿಯರಿಗೂ ಆಯಾಗಳಿಗೂ ಮೊದಲು ತೆರೆಯಬೇಕು. ಅದು ನಡೆಯುವ ಸಂಸ್ಥೆಯೇ ಗಂಟೆಗಳ ಮಿತಿಯನ್ನೂ ಸಾಕಷ್ಟು ಸಿಬ್ಬಂದಿಯನ್ನೂ ಮೈಮೇಲಿನ ರಕ್ಷಣೆಯನ್ನೂ ಒದಗಿಸಬೇಕು. ಕರುಣೆಯು ಶೋಕಕ್ಕೆ ಜಾರದಂತೆ ಕಾಯುವುದು ಧ್ಯಾನಿಯ ಸಾಧನೆ. ಅದನ್ನು ಸಾಧಿಸಲು ಬಿಡುವನ್ನೂ ಬಲವನ್ನೂ ಉಳಿಸಿಕೊಡುವುದು ಸಂಸ್ಥೆಯ ಹೊಣೆ. ಈ ಹೊಣೆಯನ್ನು ತಾನು ಹೊರದೆ ಸಾಧನೆಯನ್ನು ಮಾತ್ರ ದುಡಿಯುವವರಿಗೆ ಬೋಧಿಸುವ ಆಸ್ಪತ್ರೆಗೆ ಧ್ಯಾನದ ಹೆಸರೆತ್ತುವ ಅಧಿಕಾರವಿಲ್ಲ.