ಹದಿನಾರು ಮನೆಗಳ ಆಟ

ದಿನದ ದುಡಿಮೆ ಮುಗಿಸಿ ಬಸ್ಸಿನಲ್ಲಿ ಕುಳಿತವರು ಫೋನಿನ ಮೇಲೆ ಬೆರಳಾಡಿಸುತ್ತ ಅಂಕಿಗಳನ್ನು ಅತ್ತಿತ್ತ ಸರಿಸುವುದನ್ನು ಓದುಗರು ಕಂಡಿರಬಹುದು. ಆಟದ ಹೆಸರು ‘2048’. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಒಟ್ಟು ಹದಿನಾರು ಮನೆಗಳು. ಎರಡಕ್ಕೆ ಎರಡು ತಾಗಿದರೆ ನಾಲ್ಕು, ನಾಲ್ಕಕ್ಕೆ ನಾಲ್ಕು ತಾಗಿದರೆ ಎಂಟು. ಹೀಗೆ ಇಮ್ಮಡಿಸುತ್ತ 2048ನ್ನು ಮುಟ್ಟಬೇಕು. ಇಲ್ಲಿ ಎದುರಾಳಿಯಿಲ್ಲ, ಗಡಿಯಾರವಿಲ್ಲ. ಆಡುವವನು ನಡುವೆ ತೂಕಡಿಸಿದರೂ ಹಲಗೆ ಅವನಿಗಾಗಿ ಕಾದಿರುತ್ತದೆ. ನಮಗಾಗಿ ಕಾಯುವ ವಸ್ತುಗಳು ಈಗ ಎಷ್ಟಿವೆ?

ಈ ಹದಿನಾರು ಮನೆಗಳ ಮೋಹ ಹೊಸದಲ್ಲ. 1870ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕ್ಯಾನಸ್ಟೋಟ ಎಂಬ ಊರಿನಲ್ಲಿ ನೋಯ್ಸ್ ಚಾಪ್‌ಮನ್ ಎಂಬ ಪೋಸ್ಟ್‌ಮಾಸ್ಟರರಿದ್ದರು. ಹದಿನೈದು ಬಿಲ್ಲೆಗಳನ್ನು ಚೌಕದೊಳಗಿಟ್ಟು, ಒಂದು ಮನೆಯನ್ನು ಖಾಲಿ ಬಿಟ್ಟು, ಸರಿಸಿ ಸರಿಸಿ ಕ್ರಮಕ್ಕೆ ತರುವ ಆಟ ಅವರದು. ಅದರ ಪ್ರತಿಗಳು ಅವರ ಮಗನ ಮೂಲಕ ಊರಿಂದೂರಿಗೆ ದಾಟಿ ಹಾರ್ಟ್‌ಫರ್ಡ್‌ನ ಕಿವುಡರ ಶಾಲೆಯನ್ನು ಸೇರಿದವು. ಅಲ್ಲಿಯ ವಿದ್ಯಾರ್ಥಿಗಳು ತಾವೇ ತಯಾರಿಸಿ ಮಾರತೊಡಗಿದರು. 1879ರ ಕೊನೆಗೆ ಬಾಸ್ಟನ್ನಿನ ಮ್ಯಾಥಿಯಾಸ್ ರೈಸ್ ಎಂಬ ಮರಗೆಲಸದ ವ್ಯಾಪಾರಿಯೂ ಕೈಹಾಕಿದ. ಕೆಲವೇ ತಿಂಗಳಲ್ಲಿ ಅಮೆರಿಕವಿರಲಿ, ಯುರೋಪಿಗೂ ಈ ಹುಚ್ಚು ಹತ್ತಿತು. ಚಾಪ್‌ಮನ್ನರು 1880ರ ಫೆಬ್ರವರಿಯಲ್ಲಿ ಪೇಟೆಂಟಿಗಾಗಿ ಹಾಕಿದ ಅರ್ಜಿ ಮಾತ್ರ ತಿರಸ್ಕೃತವಾಯಿತು.

ಬಿತ್ತಿದವರೊಬ್ಬರು, ಕೊಯ್ದವರು ಇನ್ನೊಬ್ಬರು. ಚದುರಂಗದ ಸಮಸ್ಯೆಗಳಿಂದ ಹೆಸರಾಗಿದ್ದ ಸ್ಯಾಮ್ ಲಾಯ್ಡ್ 1891ರಿಂದೀಚೆಗೆ ಈ ಆಟ ತನ್ನದೇ ಸೃಷ್ಟಿಯೆಂದು ಸಾರಿದ. 1911ರಲ್ಲಿ ಸಾಯುವವರೆಗೂ ಆ ಮಾತು ಬಿಡಲಿಲ್ಲ. ಉಳಿದವುಗಳನ್ನು ಸ್ವಸ್ಥಾನದಲ್ಲೇ ಇಟ್ಟು 14 ಮತ್ತು 15ನ್ನು ಅದಲುಬದಲು ಮಾಡಿದವರಿಗೆ ಸಾವಿರ ಡಾಲರ್ ಬಹುಮಾನವನ್ನೂ ಘೋಷಿಸಿದ್ದ. ಹಣ ಹೋಗುವ ಭಯವೇ ಇರಲಿಲ್ಲ! ಅದು ಅಸಾಧ್ಯವೆಂದು ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು 1879ರಲ್ಲೇ ಸಾಧಿಸಿ ತೋರಿಸಿದ್ದರು.

‘2048’ರ ಹುಟ್ಟೂ ಇಂಥದೇ ಗೋಜಲು. 2014ರ ಫೆಬ್ರವರಿಯಲ್ಲಿ ಆಷರ್ ವೋಲ್ಮರ್, ಗ್ರೆಗ್ ವೋಲ್ವೆಂಡ್ ಎಂಬ ಅಮೆರಿಕನ್ನರು ‘ಥ್ರೀಸ್’ ಎಂಬ ಆಟವನ್ನು ಹೊರತಂದರು. ಅದಕ್ಕೂ ಹದಿನಾರೇ ಮನೆ. ಚಿತ್ರ, ಅಲಂಕಾರಗಳನ್ನು ಸೇರಿಸಿ, ಕಿತ್ತುಹಾಕಿ, ಈ ಸರಳತೆಗೆ ಬರಲು ಅವರಿಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಕೆಲವೇ ವಾರಗಳಲ್ಲಿ ‘1024’ ಎಂಬ ಅನುಕರಣವೊಂದು ಬಂತು. ಮಾರ್ಚಿನಲ್ಲಿ ಇಟಲಿಯ ಹತ್ತೊಂಬತ್ತು ವರ್ಷದ ಗೇಬ್ರಿಯೆಲೆ ಚಿರುಲ್ಲಿ ಎಂಬ ತರುಣ ವಾರಾಂತ್ಯದ ಬಿಡುವಿನಲ್ಲಿ ‘2048’ನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟ. ಜನ ಮುಗಿಬಿದ್ದದ್ದು ಇದಕ್ಕೇ. ‘ಥ್ರೀಸ್’ ಹೆಚ್ಚು ಸೂಕ್ಷ್ಮವಾದ ಆಟವೆಂಬುದು ನನ್ನ ಅಭಿಪ್ರಾಯ. ಆದರೆ ದಣಿದು ಬಂದವನಿಗೆ ಸೂಕ್ಷ್ಮಕ್ಕಿಂತ ಸುಲಭವೇ ಹಿತವೇನೋ. ಕಲ್ಪನೆ ತನ್ನದಲ್ಲವಾದ್ದರಿಂದ ಹಣ ಕೇಳಲಾರೆನೆಂದು ಆ ಹುಡುಗ ಒಪ್ಪಿಕೊಂಡದ್ದನ್ನು ಮೆಚ್ಚಬೇಕು; ಲಾಯ್ಡ್‌ನಿಗೆ ಅಷ್ಟು ಸಂಕೋಚವಿರಲಿಲ್ಲ.

ನೊಂದ ವೋಲ್ಮರ್ ಮತ್ತು ವೋಲ್ವೆಂಡ್ ಅದೇ ಮಾರ್ಚಿನಲ್ಲಿ, ಆಟ ರೂಪುಗೊಂಡ ಕಾಲದ ತಮ್ಮ ಪತ್ರವ್ಯವಹಾರವನ್ನೇ ಪ್ರಕಟಿಸಿ ತಾವು ಪಟ್ಟ ಪಾಡನ್ನು ಲೋಕದ ಮುಂದಿಟ್ಟರು. ಕ್ಯಾನಸ್ಟೋಟದ ಪೋಸ್ಟ್‌ಮಾಸ್ಟರರ ಹಕ್ಕು ಮತ್ತೆ ಸ್ಥಾಪಿತವಾದದ್ದು 2006ರಲ್ಲಿ, ಜೆರ್ರಿ ಸ್ಲೋಕಮ್ ಮತ್ತು ಡಿಕ್ ಸೊನ್ನೆವೆಲ್ಡ್ ಬರೆದ ಪುಸ್ತಕದಿಂದ. ಲಾಯ್ಡ್ ಸತ್ತು ಆಗಲೇ 95 ವರ್ಷಗಳಾಗಿದ್ದುವು.