ಮೊಣಕೈ ಕವಚ: ಚಿಪ್ಪಿನಿಂದ ಮೆತ್ತೆಗೆ

ನವಲಗುಂದ ತಾಲ್ಲೂಕಿನ ಮೊರಬದ ಸುತ್ತ ಬೆಟ್ಟವಿಲ್ಲ. ಕಣ್ಣು ಹಾಯುವಷ್ಟು ದೂರ ಎರೆಹೊಲ. ಮಳೆ ಬಿದ್ದರೆ ಜಿಗುಟು ಮಣ್ಣು ಸೈಕಲ್ ಚಕ್ರವನ್ನೇ ಕಟ್ಟಿಹಾಕುತ್ತದೆ. ಈ ಸೀಮೆಯವರಿಗೆ ಬೆಟ್ಟದ ಸೈಕ್ಲಿಂಗ್ ಎಂದರೆ ಗದಗ. ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ 2021ರಲ್ಲಿ ನಡೆದದ್ದು ಅಲ್ಲಿಯೇ.

ಈ ಕ್ರೀಡೆಯ ಬೇರು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿದೆ. ಅಲ್ಲಿನ ರೀಪ್ಯಾಕ್ ಇಳಿಜಾರಿನಲ್ಲಿ 1976ರ ಅಕ್ಟೋಬರ್‌ನಲ್ಲಿ ಸ್ಪರ್ಧೆ ಶುರುವಾಯಿತು. ಗ್ಯಾರಿ ಫಿಶರ್, ಜೋ ಬ್ರೀಜ್ ಮತ್ತು ಗೆಳೆಯರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನೇರಿ, ಜೀನ್ಸ್, ಬೂಟು, ಕೈಗವಸುಗಳನ್ನೇ ನಂಬಿ ಧುಮುಕುತ್ತಿದ್ದರು.

ವೇಗ ಏರಿದಂತೆ ಮೊಣಕೈ ಕಾಯಲು ಮೋಟೊಕ್ರಾಸ್‌ನ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಸೈಕಲ್ಲಿಗೂ ಬಂತು. ಕಲ್ಲಿನ ತರಚನ್ನು ಅದು ತಡೆಯಿತು, ನಿಜ. ಆದರೆ ಬೆವರಿಳಿಸಿತು, ಪಟ್ಟಿ ಸಡಿಲಾದರೆ ಮಣಿಕಟ್ಟಿನತ್ತ ಜಾರಿತು.

ತಿರುವು ಕೊಟ್ಟದ್ದು ಬ್ರಿಟನ್ನಿನ ಡಿ3ಒ ಮಾದರಿಯ ವಸ್ತು. ಕೈ ಮಡಚುವಾಗ ಮೆತ್ತಗೆ, ಪೆಟ್ಟು ಬಿದ್ದ ಕ್ಷಣ ಗಡುಸು. 2006ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀ ಸ್ಪರ್ಧಿಗಳು ಇದನ್ನು ತೊಟ್ಟರು. ಬಳಿಕ ತೋಳುಚೀಲದಂತಹ ತೆಳು ಕವಚಗಳು ಹರಡಿದವು.

ಇವುಗಳಲ್ಲಿ ಹಲವನ್ನು ಮೋಟರ್‌ಸೈಕಲ್ ಸವಾರರ ಇಎನ್ 1621-1 ಮಾನದಂಡದಲ್ಲೇ ಅಳೆಯುತ್ತಾರೆ: ಒಳಗೆ ದಾಟುವ ಸರಾಸರಿ ಬಲ ಮೊದಲ ಹಂತಕ್ಕೆ 35 ಕಿಲೋನ್ಯೂಟನ್, ಎರಡನೆಯದಕ್ಕೆ 20 ಮೀರಬಾರದು.

ಹಿತ ಬೇರೆಯೇ ಲೆಕ್ಕ. ಮೊಣಕೈಯ ಮೇಲೆ, ಕೆಳಗೆ ತೋಳಿನ ಸುತ್ತಳತೆ ತೆಗೆದು, ತೊಟ್ಟು, ಹ್ಯಾಂಡಲ್ ಹಿಡಿದಂತೆ ಕೈ ಮಡಚಿ ನೋಡಬೇಕು. ಒಳಮಡಿಕೆಯಲ್ಲಿ ಬಟ್ಟೆ ಚುಚ್ಚಿದರೆ ಅಥವಾ ಬೆರಳು ಜೋಮು ಹಿಡಿದರೆ ಅಳತೆ ಬದಲಿಸಬೇಕು. ನಮ್ಮ ಬಯಲುಸೀಮೆಯ ಬಿಸಿಲಿಗೆ ಒಳಬದಿ ಜಾಲರಿ ಬಟ್ಟೆ, ಮೇಲಂಚಿನಲ್ಲಿ ಸಿಲಿಕೋನ್ ಹಿಡಿತ ಇರುವುದು ಲೇಸು.