ಡೇಟಾ ಸೆಂಟರ್ ಬಂದರೆ ಎಲೆಕ್ಟ್ರಿಷಿಯನ್‌ಗಳಿಗೆ ಲಕ್ಷಾಂತರ ಕೆಲಸವೇ? ಲೆಕ್ಕ ಹೀಗಿದೆ

ಡೇಟಾ ಸೆಂಟರ್ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತಿರುತ್ತದೆ. ಮೊದಲನೆಯದು: ಡೇಟಾ ಸೆಂಟರ್ ಬಂದರೆ ಲಕ್ಷಗಟ್ಟಲೆ ಕೆಲಸ, ಇಂಜಿನಿಯರಿಂಗ್ ಬಿಟ್ಟು ಐಟಿಐ ಎಲೆಕ್ಟ್ರಿಷಿಯನ್ ಮಾಡಿಸಿ, ಅಮೆರಿಕದಲ್ಲಿ ವರ್ಷಕ್ಕೆ 50 ಲಕ್ಷ ಸಿಗುತ್ತದೆ. ಎರಡನೆಯದು: ಅದೆಲ್ಲ ಬರೀ ಬೊಗಳೆ, ಒಳಗೆ ಇರುವುದು ಮೆಷಿನ್ ಮಾತ್ರ, ಗೇಟಿನಲ್ಲಿ ನಾಲ್ಕು ಜನ ಸೆಕ್ಯುರಿಟಿ ಬಿಟ್ಟರೆ ಯಾರಿಗೂ ಕೆಲಸವಿಲ್ಲ.

ಎರಡರಲ್ಲೂ ಅರ್ಧ ನಿಜವಿದೆ. ಅರ್ಧ ನಿಜ ನಂಬಿ ಮಗನನ್ನು ಕೋರ್ಸಿಗೆ ಸೇರಿಸುವವರು, ಏಜೆಂಟನ ಕೈಗೆ ದುಡ್ಡು ಕೊಡುವವರು ನಮ್ಮ ನಡುವೆಯೇ ಇದ್ದಾರೆ. ಹಾಗಾಗಿ ಉಳಿದರ್ಧವನ್ನೂ ನೋಡೋಣ.

ಚುಟುಕಾಗಿ ಉತ್ತರ

ಡೇಟಾ ಸೆಂಟರ್ ಕಟ್ಟುವಾಗ ಎಲೆಕ್ಟ್ರಿಷಿಯನ್, ಪೈಪ್ ಫಿಟ್ಟರ್, ವೆಲ್ಡರ್, ಎಸಿ ಮೆಕ್ಯಾನಿಕ್‌ಗಳಿಗೆ ಭಾರಿ ಬೇಡಿಕೆ ಬರುವುದು ನಿಜ. ಆದರೆ ಕಟ್ಟಡ ಮುಗಿದ ಮೇಲೆ ಅಲ್ಲಿ ಉಳಿಯುವ ಕೆಲಸ ತೀರಾ ಕಡಿಮೆ. ಕೆಲಸ ಊರಿನಲ್ಲಿ ಉಳಿಯುವುದಿಲ್ಲ, ಕಲಿತ ಕಸುಬು ಮಾತ್ರ ಕೆಲಸಗಾರನ ಕೈಯಲ್ಲಿ ಉಳಿಯುತ್ತದೆ.

ಕಂಪ್ಯೂಟರ್ ಕಟ್ಟಡಕ್ಕೆ ವೈರ್‌ಮನ್ ಏಕೆ?

ನೀವು ಫೋನಿನಲ್ಲಿ ವಿಡಿಯೊ ನೋಡಿದಾಗ, ಯುಪಿಐನಲ್ಲಿ ಹಣ ಕಳಿಸಿದಾಗ, ಎಐಗೆ ಪ್ರಶ್ನೆ ಕೇಳಿದಾಗ ಆ ಕೆಲಸ ಮಾಡುವ ಕಂಪ್ಯೂಟರ್‌ಗಳು ಎಲ್ಲೋ ಒಂದು ಕಡೆ ಇರಬೇಕಲ್ಲ, ಆ ಜಾಗವೇ ಡೇಟಾ ಸೆಂಟರ್. ಹೊರಗಿನಿಂದ ನೋಡಿದರೆ ಕಿಟಕಿ ಇಲ್ಲದ ದೊಡ್ಡ ಗೋದಾಮು. ಒಳಗೆ ಬೀರುವಿನಂಥ ರ‍್ಯಾಕ್‌ಗಳ ಸಾಲು, ಅವುಗಳ ತುಂಬ ಸರ್ವರ್.

ಎಐಗಾಗಿ ಬಳಸುವ ಹೊಸ ರ‍್ಯಾಕ್ ಒಂದಕ್ಕೇ ಸುಮಾರು 120 ಕಿಲೋವ್ಯಾಟ್ ವಿದ್ಯುತ್ ಬೇಕು. 3 ಕಿಲೋವ್ಯಾಟ್ ಮಂಜೂರಾದ ಮನೆಗೆ ಹೋಲಿಸಿದರೆ ಅದು 40 ಮನೆಗಳ ಲೋಡ್, ಅದೂ ಹಗಲು ರಾತ್ರಿ. ಅಂಥ ರ‍್ಯಾಕ್‌ಗಳು ಒಂದೇ ಕಟ್ಟಡದಲ್ಲಿ ನೂರಾರು ಇರಬಹುದು.

ಈ ವಿದ್ಯುತ್ ಒಂದು ಕ್ಷಣವೂ ನಿಲ್ಲಬಾರದು. ಹೊರಗಿನ ಲೈನ್ ಟ್ರಾನ್ಸ್‌ಫಾರ್ಮರ್‌ಗೆ ಬರುತ್ತದೆ, ಅಲ್ಲಿಂದ ದೊಡ್ಡ ಪ್ಯಾನೆಲ್‌ಗಳಿಗೆ, ಅಲ್ಲಿಂದ ಯುಪಿಎಸ್‌ಗೆ, ಆಮೇಲೆ ರ‍್ಯಾಕ್‌ಗೆ. ಕರೆಂಟ್ ಹೋದರೆ ಡೀಸೆಲ್ ಜನರೇಟರ್ ಚಾಲೂ ಆಗುವ ತನಕ ಯುಪಿಎಸ್ ಬ್ಯಾಟರಿ ಎಳೆಯಬೇಕು. ಒಂದು ದಾರಿ ಕೆಟ್ಟರೆ ಇರಲಿ ಎಂದು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ವಿದ್ಯುತ್ ತರುತ್ತಾರೆ. ಹಾಗಾಗಿ ಕೇಬಲ್, ಟ್ರೇ, ಜೋಡಣೆ, ಪರೀಕ್ಷೆ ಎಲ್ಲವೂ ದುಪ್ಪಟ್ಟು.

ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಅದನ್ನು ಹೊರಗೆ ಹಾಕಲು ಚಿಲ್ಲರ್, ಪಂಪು, ಪೈಪ್ ಬೇಕು. ಹೊಸ ಎಐ ಸರ್ವರ್‌ಗಳಿಗೆ ಫ್ಯಾನ್ ಗಾಳಿ ಸಾಲದೆ ಚಿಪ್‌ನ ಪಕ್ಕಕ್ಕೇ ದ್ರವ ಹರಿಸಿ ತಂಪು ಮಾಡುತ್ತಾರೆ. ಲಕ್ಷಾಂತರ ರೂಪಾಯಿಯ ಸರ್ವರ್ ಪಕ್ಕದಲ್ಲಿ ಹಾದುಹೋಗುವ ಆ ಪೈಪ್‌ನ ಒಂದು ಜಾಯಿಂಟ್ ಕೂಡ ಸೋರುವಂತಿಲ್ಲ. ಒಳ್ಳೆಯ ಫಿಟ್ಟರ್, ವೆಲ್ಡರ್‌ಗೆ ಬೆಲೆ ಬಂದಿರುವುದು ಇದಕ್ಕೇ.

ಸಾಫ್ಟ್‌ವೇರ್ ಎಷ್ಟೇ ಬುದ್ಧಿವಂತವಾದರೂ ಕೇಬಲ್ ಎಳೆಯಲು, ಲಗ್ ಕ್ರಿಂಪ್ ಮಾಡಲು, ಬೋಲ್ಟ್ ಬಿಗಿ ಮಾಡಲು ಮನುಷ್ಯನ ಕೈಯೇ ಬೇಕು. ಮೊದಲ ಸಂದೇಶದ ಅರ್ಧ ನಿಜ ಇದು.

ವರ್ಜೀನಿಯಾದ ಲೆಕ್ಕ: 1,500 ಜನ, ಆಮೇಲೆ 50

ಕಟ್ಟಡ ಮುಗಿದ ಮೇಲೆ ಏನಾಗುತ್ತದೆ? ಇದನ್ನು ನೋಡಲು ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಗಿಂತ ಒಳ್ಳೆಯ ಜಾಗವಿಲ್ಲ. ವಾಷಿಂಗ್ಟನ್ ನಗರದ ಪಕ್ಕದ ಈ ಪ್ರದೇಶದಲ್ಲಿ, ಅದರಲ್ಲೂ ಆಶ್‌ಬರ್ನ್ ಸುತ್ತಮುತ್ತ, ಜಗತ್ತಿನಲ್ಲೇ ಅತಿ ಹೆಚ್ಚು ಡೇಟಾ ಸೆಂಟರ್‌ಗಳು ಒಟ್ಟಾಗಿ ನಿಂತಿವೆ. ಜನ ಅದನ್ನು 'ಡೇಟಾ ಸೆಂಟರ್ ಓಣಿ' ಎಂದೇ ಕರೆಯುತ್ತಾರೆ.

ಆ ರಾಜ್ಯದ ಶಾಸಕಾಂಗಕ್ಕೆ ಜೆಲಾರ್ಕ್ ಎಂಬ ಸ್ವಂತ ಪರಿಶೀಲನಾ ಸಮಿತಿ ಇದೆ. ಅದು ಡೇಟಾ ಸೆಂಟರ್‌ಗಳಿಂದ ರಾಜ್ಯಕ್ಕೆ ಏನು ಲಾಭ, ಏನು ನಷ್ಟ ಎಂದು ಅಧ್ಯಯನ ಮಾಡಿ 2024ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ 2,50,000 ಚದರಡಿಯ ಒಂದು ಸಾಮಾನ್ಯ ಡೇಟಾ ಸೆಂಟರ್ ಕಟ್ಟುವಾಗ, ಕೆಲಸ ಜೋರಾಗಿರುವ ಹೊತ್ತಿನಲ್ಲಿ ಸುಮಾರು 1,500 ಜನ ಸೈಟಿನಲ್ಲಿರುತ್ತಾರೆ. ನಿರ್ಮಾಣ ನಡೆಯುವುದು 12ರಿಂದ 18 ತಿಂಗಳು. ಕಟ್ಟಡ ಚಾಲೂ ಆದ ಮೇಲೆ ಅಲ್ಲಿ ಪೂರ್ಣಾವಧಿ ಕೆಲಸ ಸುಮಾರು 50 ಜನಕ್ಕೆ. ಅವರಲ್ಲೂ ಅರ್ಧದಷ್ಟು ಗುತ್ತಿಗೆಯವರು.

ಅಂದರೆ 30 ಜನರಲ್ಲಿ ಒಬ್ಬ ಉಳಿಯುತ್ತಾನೆ. ಎರಡನೆಯ ಸಂದೇಶದ ಅರ್ಧ ನಿಜ ಇದು.

ಮದುವೆ ಮನೆಯಂತೆ ಅಂದುಕೊಳ್ಳಿ. ಚಪ್ಪರದವರು, ಅಡುಗೆಯವರು, ವಾಲಗದವರು, ಲೈಟಿನವರು ಎಲ್ಲರಿಗೂ ಕೈತುಂಬ ಕೆಲಸ. ಬೀಗರೂಟ ಮುಗಿದ ಮರುದಿನ ಮನೆಯಲ್ಲಿ ಮನೆಯವರಷ್ಟೇ. ಹಾಗೆಂದು ಅಡುಗೆಯವರಿಗೆ ಮೋಸವಾಯಿತು ಎನ್ನುವುದಿಲ್ಲ, ಅವರು ಮುಂದಿನ ಮದುವೆಗೆ ಹೋಗುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಮುಂದಿನ ಮದುವೆ ಎಲ್ಲಿ?

50 ನಿಜವಾದರೆ 74,000 ಹೇಗೆ ನಿಜ?

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಡೇಟಾ ಸೆಂಟರ್ ಉದ್ಯಮದಿಂದ ವರ್ಜೀನಿಯಾದಲ್ಲಿ ವರ್ಷಕ್ಕೆ ಸುಮಾರು 74,000 ಉದ್ಯೋಗ. ಒಂದೇ ವರದಿ, ಎರಡು ಅಂಕಿ. ಯಾವುದು ಸುಳ್ಳು?

ಎರಡೂ ಸುಳ್ಳಲ್ಲ. 50 ಎನ್ನುವುದು ಒಂದು ಕಟ್ಟಡದ ಒಳಗಿನ ಕಾಯಂ ಕೆಲಸ. 74,000 ಎನ್ನುವುದು ಇಡೀ ರಾಜ್ಯದ ಲೆಕ್ಕ. ಅದರಲ್ಲಿ ಸೈಟಿನಲ್ಲಿ ದುಡಿಯುವವರಿದ್ದಾರೆ, ಅವರಿಗೆ ಸಾಮಾನು ಪೂರೈಸುವವರಿದ್ದಾರೆ, ಅವರು ಸಂಬಳ ಖರ್ಚು ಮಾಡುವ ಹೋಟೆಲು, ಅಂಗಡಿಯವರೂ ಇದ್ದಾರೆ. ಆ ಲಾಭದ ಬಹುಪಾಲು ಬರುವುದು ನಿರ್ಮಾಣದ ಹಂತದಿಂದ ಎಂದು ವರದಿಯೇ ಹೇಳುತ್ತದೆ. ಒಂದು ಸೈಟ್ ಮುಗಿಯುವಷ್ಟರಲ್ಲಿ ಪಕ್ಕದ ಸೈಟ್ ಶುರುವಾಗುವ ಊರಾದ್ದರಿಂದ ಅಲ್ಲಿ ಈ ಅಂಕಿ ನಿಂತಿದೆ.

18 ತಿಂಗಳಿಗೊಂದು ಕಟ್ಟಡ ಎಂದರೆ 30 ವರ್ಷ ದುಡಿಯಬೇಕಾದವನಿಗೆ ಒಂದರ ಹಿಂದೊಂದು 20 ಕಟ್ಟಡ ಬೇಕು. ಲೌಡನ್‌ನಂಥ ಕಡೆ ಅದು ಸಾಧ್ಯ. ಒಂದೇ ಒಂದು ಡೇಟಾ ಸೆಂಟರ್ ಬಂದ ಊರಿನಲ್ಲಿ ಸಾಧ್ಯವಿಲ್ಲ. ಅಂಥ ಊರಿಗೆ ನುರಿತ ಕೆಲಸಗಾರರು ಹೊರಗಿನಿಂದ ಬರುತ್ತಾರೆ, ಬಾಡಿಗೆ ಮನೆ ಹಿಡಿಯುತ್ತಾರೆ, ಮುಗಿದ ಮೇಲೆ ಹೊರಡುತ್ತಾರೆ. ಊರಿನ ಕಸುಬುದಾರರು ಹೆಚ್ಚು ಕೂಲಿಗೆ ಸೈಟಿಗೆ ಹೋದರೆ ಮನೆ ವೈರಿಂಗ್, ಶಾಲೆಯ ರಿಪೇರಿಗೆ ಜನ ಸಿಗುವುದು ಕಷ್ಟವಾಗುತ್ತದೆ.

ಅಮೆರಿಕದಲ್ಲಿ ಎಲೆಕ್ಟ್ರಿಷಿಯನ್ ಕೊರತೆ ನಿಜವೇ?

ನಿಜ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಅಂದಾಜಿನಂತೆ 2024ರಿಂದ 2034ರವರೆಗೆ ಅಲ್ಲಿ ವರ್ಷಕ್ಕೆ ಸರಾಸರಿ 81,000 ಎಲೆಕ್ಟ್ರಿಷಿಯನ್ ಹುದ್ದೆಗಳು ತೆರೆದುಕೊಳ್ಳುತ್ತವೆ. ಇವೆಲ್ಲ ಡೇಟಾ ಸೆಂಟರ್‌ನವಲ್ಲ. ನಿವೃತ್ತರಾಗುವವರ, ಕಸುಬು ಬಿಡುವವರ ಜಾಗ ತುಂಬುವುದೇ ಇದರಲ್ಲಿ ದೊಡ್ಡ ಪಾಲು. 1,00,000 ಎಲೆಕ್ಟ್ರಿಷಿಯನ್‌ಗಳಿಗೆ ಹೆಚ್ಚಿನ ತರಬೇತಿ, 30,000 ಹೊಸ ಅಪ್ರೆಂಟಿಸ್‌ಗಳಿಗೆ ಕಲಿಕೆ, ಈ ಗುರಿ ಇಟ್ಟುಕೊಂಡ ತರಬೇತಿ ಸಂಸ್ಥೆಗೆ 2025ರಲ್ಲಿ ಗೂಗಲ್ ನೆರವು ಘೋಷಿಸಿತು. ಕೊರತೆ ಇಲ್ಲದಿದ್ದರೆ ಸಾಫ್ಟ್‌ವೇರ್ ಕಂಪನಿ ಇಂಥ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಸಂಬಳವೂ ಸುಳ್ಳಲ್ಲ. 2024ರ ಮೇ ಲೆಕ್ಕದಂತೆ ಅಲ್ಲಿನ ಎಲೆಕ್ಟ್ರಿಷಿಯನ್‌ಗಳಲ್ಲಿ ಅರ್ಧದಷ್ಟು ಜನರ ವರ್ಷದ ಸಂಬಳ 62,350 ಡಾಲರ್‌ಗಿಂತ ಹೆಚ್ಚು. ರೂಪಾಯಿಗೆ ಬದಲಿಸಿದರೆ 50 ಲಕ್ಷ ದಾಟುತ್ತದೆ. ಆದರೆ ಆ ಸಂಬಳ ಅಲ್ಲಿನ ಬಾಡಿಗೆ, ತೆರಿಗೆ, ಆಸ್ಪತ್ರೆ ಖರ್ಚಿಗೆ ಎದುರಾಗಿ ನಿಲ್ಲಬೇಕಾದ ಹಣ. ಜೊತೆಗೆ, ನಮ್ಮ ಐಟಿಐ ಸರ್ಟಿಫಿಕೇಟ್ ಹಿಡಿದು ನೇರ ಹೋಗಿ ಸೇರಲು ಆಗುವುದಿಲ್ಲ. ಕೆಲಸದ ವೀಸಾ ಬೇಕು. ಮೇಲೆ ಲೈಸೆನ್ಸ್ ನಿಯಮಗಳಿವೆ: ವರ್ಜೀನಿಯಾದಲ್ಲಿ 'ಜರ್ನಿಮನ್' ಎಲೆಕ್ಟ್ರಿಷಿಯನ್ ಲೈಸೆನ್ಸಿಗೆ ಸಾಮಾನ್ಯ ದಾರಿ ಎಂದರೆ 240 ಗಂಟೆ ತರಗತಿ, 4 ವರ್ಷ ಕೆಲಸದ ಅನುಭವ, ಆಮೇಲೆ ಪರೀಕ್ಷೆ. ಈ ಸಾಲು ಫಾರ್ವರ್ಡ್‌ನಲ್ಲಿ ಇರುವುದಿಲ್ಲ.

ನಮ್ಮ ಪಕ್ಕದ ವಿಶಾಖಪಟ್ಟಣ

2025ರ ಅಕ್ಟೋಬರ್‌ನಲ್ಲಿ ಗೂಗಲ್, ಆಂಧ್ರದ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ ಸುಮಾರು 1,500 ಕೋಟಿ ಡಾಲರ್ ಹೂಡಿ ಎಐ ಡೇಟಾ ಸೆಂಟರ್ ಕೇಂದ್ರ ಕಟ್ಟುವುದಾಗಿ ಪ್ರಕಟಿಸಿತು. ಅದಾನಿಕನೆಕ್ಸ್, ಏರ್‌ಟೆಲ್ ಜೊತೆಗಿವೆ. ಇದರಿಂದ ಸುಮಾರು 1.88 ಲಕ್ಷ ಉದ್ಯೋಗ ಎಂಬ ಅಂಕಿ ಆಂಧ್ರ ಸರ್ಕಾರದ ಕಡೆಯಿಂದ ಬಂತು.

ಈಗ ನಿಮಗೆ ಆ ಅಂಕಿಯನ್ನು ಓದುವ ಕ್ರಮ ಗೊತ್ತು. ಅದು ನೇರ, ಪರೋಕ್ಷ ಎರಡೂ ಸೇರಿದ ಅಂದಾಜು. ಒಳಗೆ ಕೂತು ಕೆಲಸ ಮಾಡುವವರ ಸಂಖ್ಯೆಯಲ್ಲ. ಇಂಥ ಯಾವುದೇ ಅಂಕಿ ಕಂಡಾಗ ಮೂರು ಪ್ರಶ್ನೆ ಕೇಳಿ: ಇದರಲ್ಲಿ ಕಾಯಂ ಎಷ್ಟು? ನಿರ್ಮಾಣದ್ದು ಎಷ್ಟು, ಎಷ್ಟು ತಿಂಗಳು? ಪರೋಕ್ಷ ಎಷ್ಟು? ಉತ್ತರವಿಲ್ಲದ ಅಂಕಿಯನ್ನು ಮುಂದೆ ಕಳಿಸಬೇಡಿ.

ಇದು ನಮಗೆ ಹೊಸತೂ ಅಲ್ಲ. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್‌ನಲ್ಲೂ ಹೀಗೆಯೇ ಆಯಿತು. ಪ್ಯಾನೆಲ್ ನಿಲ್ಲಿಸುವಾಗ ಬೇಕಾದಷ್ಟು ಜನ ಆಮೇಲೆ ಬೇಕಾಗಲಿಲ್ಲ. ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳೇ ಊರಿನವರ ಪಾಲಿಗೆ ಹೆಚ್ಚಾಗಿ ಉಳಿದವು.

ಹಾಗಾದರೆ ಐಟಿಐ ಸೇರಬಹುದೇ?

ಧಾರಾಳವಾಗಿ ಸೇರಬಹುದು. ಆದರೆ ಡೇಟಾ ಸೆಂಟರ್ ಒಂದನ್ನೇ ನಂಬಿಕೊಂಡು ಬೇಡ. ದೊಡ್ಡ ಪ್ಯಾನೆಲ್, ಯುಪಿಎಸ್, ಜನರೇಟರ್, ಚಿಲ್ಲರ್ ಗೊತ್ತಿರುವವನಿಗೆ ಆಸ್ಪತ್ರೆ, ಔಷಧ ಕಾರ್ಖಾನೆ, ಮೆಟ್ರೊ, ಮಾಲ್, ಸೋಲಾರ್ ಎಲ್ಲ ಕಡೆಯೂ ಕೆಲಸವಿದೆ. ಡೇಟಾ ಸೆಂಟರ್ ಅವುಗಳಲ್ಲಿ ಒಂದು ಒಳ್ಳೆಯ ಸೈಟ್.

ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ ಎರಡು ವರ್ಷದ್ದು. ಅದು ಮುಗಿದ ಮೇಲೆ ಅಪ್ರೆಂಟಿಸ್ ತರಬೇತಿ ಬಿಡಬೇಡಿ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಬಹುದು, ಕಲಿಯುವಾಗ ಸ್ಟೈಪೆಂಡ್ ಕೂಡ ಬರುತ್ತದೆ. ಕರ್ನಾಟಕದಲ್ಲಿ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಆ ಪರ್ಮಿಟ್ ಇರುವವನಿಗೂ ಇಲ್ಲದವನಿಗೂ ಕೂಲಿಯಲ್ಲಿ ವ್ಯತ್ಯಾಸವಿದೆ.

ಕಾಯಂ ಕೆಲಸವೇ ಬೇಕು ಎನ್ನುವವರು ನಡೆಸುವ ಕಡೆಯ ಕಸುಬು ಕಲಿಯುವುದು ಲೇಸು: ಯುಪಿಎಸ್ ಬ್ಯಾಟರಿ ನಿರ್ವಹಣೆ, ಜನರೇಟರ್ ಸರ್ವಿಸ್, ಚಿಲ್ಲರ್ ಮತ್ತು ಎಸಿ ನಿರ್ವಹಣೆ. ಕಟ್ಟಡ ಮುಗಿದ ಮೇಲೆ ಉಳಿಯುವ ಆ 50 ಜನರಲ್ಲಿ ಇವರೂ ಇರುತ್ತಾರೆ. ಪಾಳಿ ಕೆಲಸ, ಹಬ್ಬ ಹರಿದಿನ ಎಂದಿಲ್ಲ.

ಯಾರಾದರೂ ದುಡ್ಡು ಕೇಳಿದರೆ

ದೊಡ್ಡ ಯೋಜನೆಯ ಹೆಸರು ಕೇಳಿಬಂದಲ್ಲೆಲ್ಲ ಅದರ ಹೆಸರಿನಲ್ಲಿ ವಸೂಲಿ ಮಾಡುವವರೂ ಹುಟ್ಟಿಕೊಳ್ಳುತ್ತಾರೆ. ನೋಂದಣಿ ಶುಲ್ಕ, ಯೂನಿಫಾರ್ಮ್ ಹಣ, ಡಿಪಾಸಿಟ್ ಎಂದು ಕೆಲಸಕ್ಕೆ ಮುಂಚೆ ಹಣ ಕೇಳಿದರೆ ಅಲ್ಲಿಗೇ ಬಿಡಿ. ವಿದೇಶದ ಕೆಲಸವಾದರೆ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕು. ಅದನ್ನು ಇ-ಮೈಗ್ರೇಟ್ ತಾಣದಲ್ಲಿ ನೀವೇ ನೋಡಬಹುದು. ನೋಂದಾಯಿತ ಏಜೆಂಟರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಆನ್‌ಲೈನ್‌ನಲ್ಲಿ ಈಗಾಗಲೇ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ

'ಲಕ್ಷಾಂತರ ಕೆಲಸ' ಎನ್ನುವುದು ಅರ್ಧ ನಿಜ, 'ಒಂದೂ ಕೆಲಸವಿಲ್ಲ' ಎನ್ನುವುದೂ ಅರ್ಧ ನಿಜ. ಕೆಲಸ ಇದೆ, ಆದರೆ ಅದು ಸೈಟಿನಿಂದ ಸೈಟಿಗೆ ಸಾಗುವ ಕೆಲಸ. ಹಾಗೆ ಸಾಗಲು ಸಿದ್ಧನಿರುವ, ಕಸುಬು ಸರಿಯಾಗಿ ಕಲಿತ ಹುಡುಗನಿಗೆ ಇದು ಒಳ್ಳೆಯ ಕಾಲ. ಊರಿಗೇ ನೌಕರಿ ಬರುತ್ತದೆ ಎಂದು ಕಾಯುವವನಿಗೆ ಅಲ್ಲ. ನಿಮ್ಮ ಗುಂಪಿನಲ್ಲಿ ಮೊದಲಿನ ಎರಡು ಸಂದೇಶಗಳಲ್ಲಿ ಯಾವುದಾದರೂ ಬಂದಿದ್ದರೆ, ಅದರ ಕೆಳಗೆ ಇದನ್ನೂ ಹಾಕಿ.